ಹೊಸ ಕಾರಿನ ರಕ್ಷೆಗಳು: ಯಾವುದು ಬೇಕು, ಯಾವುದು ಬೇಡ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಮಧ್ಯಮ ವರ್ಗದ ಸಂಸಾರಕ್ಕೆ ಕಾರು ಕೊಳ್ಳುವ ಯೋಚನೆ ಇರಲಿಲ್ಲ. ಇದ್ದಿದ್ದರೆ ಗಾದೆಗೆ ಮೂರನೆಯದೊಂದು ಮಾತು ಸೇರುತ್ತಿತ್ತೋ ಏನೋ. ಇಂದು ಎಷ್ಟೋ ಸಂಸಾರಗಳು ಮನೆ ಮದುವೆಗಳನ್ನು ಬಿಟ್ಟರೆ ಒಂದೇ ಸಲಕ್ಕೆ ಮಾಡುವ ದೊಡ್ಡ ವೆಚ್ಚವೆಂದರೆ ಕಾರಿನದೇ. ತಿಂಗಳುಗಟ್ಟಲೆ ವಿಚಾರಿಸಿ, ನೆಂಟರಿಷ್ಟರನ್ನು ಕೇಳಿ, ಬಣ್ಣದ ಆಯ್ಕೆಯನ್ನು ಮಕ್ಕಳಿಗೆ ಬಿಟ್ಟು, ಕೊನೆಗೊಂದು ದಿನ ಶೋರೂಮಿನಲ್ಲಿ ಕುಳಿತಾಗ ನಮ್ಮ ಮುಂದೆ ಒಂದು ಬೆಲೆಪಟ್ಟಿ ಬರುತ್ತದೆ. ಮೊದಲ ಸಾಲಿನಲ್ಲಿ ಕಾರಿನ ಬೆಲೆ. ಅದರ ಕೆಳಗೆ ಮತ್ತೆ ಹಲವು ಸಾಲುಗಳು: ಅಡಿಭಾಗಕ್ಕೆ ತುಕ್ಕುತಡೆ ಲೇಪ, ಮೈಬಣ್ಣಕ್ಕೆ ಸೆರಾಮಿಕ್ ಲೇಪ, ಆಸನಗಳಿಗೆ ಕಲೆತಡೆ, ನಾಲ್ಕನೆಯ ಐದನೆಯ ವರ್ಷಕ್ಕೆ ವಿಸ್ತರಿತ ವಾರಂಟಿ, ವಿಮೆಯ ಮೇಲೆ ಇನ್ನೂ ನಾಲ್ಕಾರು ಬಗೆಯ ಆಡ್-ಆನ್‌ಗಳು.

ಇವೆಲ್ಲವೂ ರಕ್ಷೆಯೆಂಬ ಹೆಸರಿನಿಂದಲೇ ಬರುತ್ತವೆ. "ಸಾರ್, ಇಷ್ಟು ಹಣ ಹಾಕಿ ಹೊಸ ಗಾಡಿ ತಗೋತಿದೀರಿ, ಹಾಗೇ ಬಿಡ್ತೀರಾ?" ಎಂದು ಎದುರಿನ ತರುಣ ವಿನಯದಿಂದ ಕೇಳಿದಾಗ ಇಲ್ಲವೆನ್ನಲು ನಾಲಗೆ ಏಳುವುದಿಲ್ಲ. 10 ಲಕ್ಷ ಕೊಡಲು ಸಿದ್ಧನಾಗಿ ಬಂದವನಿಗೆ 40,000 ರೂಪಾಯಿ ಸಣ್ಣದಾಗಿ ಕಾಣುತ್ತದೆ. ಅದೇ 40,000ವನ್ನು ಬೇರೊಂದು ದಿನ, ಬೇರೊಂದು ಅಂಗಡಿಯಲ್ಲಿ ಕೊಡಬೇಕಾಗಿದ್ದರೆ ನಾವು ಮೂರು ಸಲ ಯೋಚಿಸುತ್ತಿದ್ದೆವು. ಈ ರಕ್ಷೆಗಳಲ್ಲಿ ನಿಜವಾಗಿ ಕಾಯುವಂಥವು ಯಾವುವು, ಬರಿಯ ಹೆಸರಿನವು ಯಾವುವು ಎಂಬುದನ್ನು ತಾಳ್ಮೆಯಿಂದ ವಿವೇಚಿಸುವುದು ಇಂದಿನ ಭಾಷಣದ ಉದ್ದೇಶ.

ಮೊದಲು ಕಾನೂನು ಏನನ್ನು ಕೇಳುತ್ತದೆ ಎಂಬುದನ್ನು ತಿಳಿಯೋಣ. ನೋಂದಣಿ ಮತ್ತು ರಸ್ತೆ ತೆರಿಗೆಗಳನ್ನು ತಪ್ಪಿಸುವಂತಿಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯಂತೆ ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮ ವಾಹನದಿಂದ ಇತರರಿಗೆ ಆಗುವ ಹಾನಿಯ ವಿಮೆ, ಕಡ್ಡಾಯ. ಸರ್ವೋಚ್ಚ ನ್ಯಾಯಾಲಯದ ಆದೇಶದ ಮೇರೆಗೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಈ ವಿಮೆಯನ್ನು 3 ವರ್ಷಗಳಿಗೆ ಒಟ್ಟಾಗಿ ಮಾಡಿಸಬೇಕು. ನಮ್ಮ ಕಾರಿಗೇ ಆಗುವ ಹಾನಿಯ ವಿಮೆಯನ್ನು ಕಾನೂನು ಕೇಳುವುದಿಲ್ಲ. ಸಾಲ ಕೊಟ್ಟ ಬ್ಯಾಂಕು ಕೇಳುತ್ತದೆ. ಸಾಲವಿಲ್ಲದವರೂ ಅದನ್ನು ಮಾಡಿಸುವುದು ವಿವೇಕ. ಇಷ್ಟನ್ನು ಬಿಟ್ಟರೆ ಪಟ್ಟಿಯಲ್ಲಿರುವ ಉಳಿದ ಯಾವ ರಕ್ಷೆಯೂ ಕಡ್ಡಾಯವಲ್ಲ. ಅಚ್ಚುಹಾಕಿದ ಪಟ್ಟಿಯಲ್ಲಿ ಬಂದಿದೆ ಎಂಬ ಮಾತ್ರಕ್ಕೆ ಒಂದು ಸಾಲು ಸರ್ಕಾರದ ಅಪ್ಪಣೆಯಾಗಿಬಿಡುವುದಿಲ್ಲ.

ಇನ್ನು ರಕ್ಷೆಯ ತತ್ತ್ವಕ್ಕೆ ಬರೋಣ. ವಿಮೆಯೆಂದರೆ ಅನೇಕರು ಸ್ವಲ್ಪ ಸ್ವಲ್ಪ ಕೂಡಿಟ್ಟು, ಅವರಲ್ಲಿ ಆಪತ್ತಿಗೆ ಸಿಕ್ಕಿದ ಕೆಲವರಿಗೆ ಕೊಡುವ ಏರ್ಪಾಟು. ಕೂಡಿದ ಹಣದಿಂದ ಕಂಪನಿಯ ವೆಚ್ಚ, ಮಾರಿದವನ ಕಮಿಷನ್ ಮತ್ತು ಲಾಭ ಕಳೆದ ಮೇಲೆ ಉಳಿದದ್ದು ಮಾತ್ರ ಹಂಚಿಕೆಗೆ ಬರುತ್ತದೆ. ಆದಕಾರಣ ಸರಾಸರಿ ಗ್ರಾಹಕನು ಕೊಟ್ಟಷ್ಟನ್ನು ಮರಳಿ ಪಡೆಯಲಾರ. ಹಾಗಿದ್ದರೂ ವಿಮೆ ಏಕೆ ಬೇಕು? ತನ್ನ ಕೈಯಿಂದ ಭರಿಸಲಾರದ ನಷ್ಟವೊಂದು ಬಂದರೆ ಸಂಸಾರವೇ ಕುಸಿದೀತು ಎಂಬ ಕಾರಣದಿಂದ. ಭರಿಸಬಲ್ಲ ನಷ್ಟಕ್ಕೆ ವಿಮೆ ಮಾಡಿಸುವುದೆಂದರೆ ನಮ್ಮದೇ ಹಣವನ್ನು ಪರರ ಕೈಯಲ್ಲಿಟ್ಟು, ಅವರಿಗೆ ಕೂಲಿ ಕೊಟ್ಟು, ಷರತ್ತಿಗೊಳಪಟ್ಟು ಮರಳಿ ಕೇಳಿದಂತೆ.

ಮಾರುವವನ ಕೂಲಿ ಎಷ್ಟರ ಮಟ್ಟಿಗೆ ಏರಬಲ್ಲದು ಎಂಬುದಕ್ಕೆ ಬ್ರಿಟನ್ನಿನ ಉದಾಹರಣೆಯೊಂದಿದೆ. ಅಲ್ಲಿ ಕಾರಿನ ಜೊತೆಯಲ್ಲಿ ಗ್ಯಾಪ್ ಎಂಬ ವಿಮೆಯನ್ನು ಮಾರುತ್ತಾರೆ. ಕಾರು ಪೂರ್ಣ ನಾಶವಾದಾಗ ಸಾಮಾನ್ಯ ವಿಮೆ ಕೊಡುವ ಹಣಕ್ಕೂ ಕಾರಿಗೆ ಕೊಟ್ಟ ಬೆಲೆಗೂ ನಡುವಿನ ಅಂತರವನ್ನು ಅದು ತುಂಬುತ್ತದೆ. ಗ್ರಾಹಕರು ಕಟ್ಟಿದ ಕಂತಿನಲ್ಲಿ ನೂರಕ್ಕೆ 6 ಪಾಲು ಮಾತ್ರ ಪರಿಹಾರವಾಗಿ ಮರಳುತ್ತಿದೆ, ಕೆಲವು ಕಂಪನಿಗಳು ಕಂತಿನ ನೂರಕ್ಕೆ 70ರವರೆಗೂ ಕಾರು ವ್ಯಾಪಾರಿಗಳೇ ಮೊದಲಾದವರಿಗೆ ಕಮಿಷನ್ ಕೊಡುತ್ತಿವೆ ಎಂದು ಆ ದೇಶದ ಹಣಕಾಸು ನಿಯಂತ್ರಣ ಸಂಸ್ಥೆ ಕಂಡುಕೊಂಡು, 2024ರಲ್ಲಿ ಬಹುಪಾಲು ಕಂಪನಿಗಳ ಮಾರಾಟವನ್ನು ತಡೆಹಿಡಿಯಿಸಿತು. ಇದರಿಂದ ಆ ವಿಮೆಯೇ ನಿಷ್ಪ್ರಯೋಜಕವೆಂದು ತಿಳಿಯಬೇಕಾಗಿಲ್ಲ. ಒಳ್ಳೆಯ ವಸ್ತುವೂ ಕೆಟ್ಟ ಬೆಲೆಗೆ ಮಾರಾಟವಾದೀತು ಎಂದು ತಿಳಿಯಬೇಕು.

ಆದ್ದರಿಂದ ಪಟ್ಟಿಯ ಪ್ರತಿಯೊಂದು ಸಾಲಿಗೂ ಮೂರು ಪ್ರಶ್ನೆಗಳನ್ನು ಹಾಕಿ ನೋಡಬೇಕು. ಇದು ತಡೆಯುವ ನಷ್ಟವನ್ನು ನಾನೇ ಭರಿಸಬಲ್ಲೆನೆ? ಆ ನಷ್ಟವನ್ನು ಇದು ನಿಜವಾಗಿಯೂ ತಡೆಯುತ್ತದೆಯೆ, ಇಲ್ಲವೆ ಬರವಣಿಗೆಯಲ್ಲಿ ತುಂಬಿಕೊಡುತ್ತದೆಯೆ? ಇದೇ ವಸ್ತು ಹೊರಗೆ ಎಷ್ಟಕ್ಕೆ ಸಿಗುತ್ತದೆ? ಈ ಮೂರನ್ನೂ ಕೈಯಲ್ಲಿ ಹಿಡಿದು ಪಟ್ಟಿಯ ಮೇಲಿಂದ ಕೆಳಗೆ ನಡೆಯೋಣ.

ಮೊದಲನೆಯದು ಅಡಿಭಾಗದ ತುಕ್ಕುತಡೆ ಲೇಪ. ಕಬ್ಬಿಣಕ್ಕೆ ನೀರೂ ಆಮ್ಲಜನಕವೂ ಕೂಡಿ ಸಿಕ್ಕಿದರೆ ತುಕ್ಕು ಹಿಡಿಯುತ್ತದೆ. ಉಪ್ಪು ಸೇರಿದರೆ ಬೇಗ ಹಿಡಿಯುತ್ತದೆ. ಚಳಿಯ ದೇಶಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಅಲ್ಲಿ ಕಾರಿನ ತಳ ತುಕ್ಕಿಗೆ ಬಲಿಯಾಗುವುದು ನಿಜವಾದ ಭಯ. ಆ ಭಯ ತುಮಕೂರಿಗಾಗಲಿ ಚಿತ್ರದುರ್ಗಕ್ಕಾಗಲಿ ಸಲ್ಲದು. ಅಲ್ಲದೆ ಇಂದಿನ ಕಾರ್ಖಾನೆಗಳಲ್ಲಿ ಬೆಸುಗೆ ಮುಗಿದ ಇಡೀ ಒಡಲನ್ನು ಲೇಪದ್ರವದ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ತನ್ನು ಹಾಯಿಸಿ, ಸಂದುಗೊಂದುಗಳಲ್ಲಿಯೂ ತುಕ್ಕುತಡೆಯ ಪದರ ಕೂರುವಂತೆ ಮಾಡಿ, ಒಲೆಯಲ್ಲಿ ಕಾಯಿಸಿ ಗಟ್ಟಿಗೊಳಿಸುತ್ತಾರೆ. ಅನೇಕ ಭಾಗಗಳಿಗೆ ಸತುವಿನ ಲೇಪವಿರುವ ಉಕ್ಕನ್ನೇ ಬಳಸುತ್ತಾರೆ. ಇದರ ಮೇಲೆ ಮತ್ತೊಂದು ಕಪ್ಪು ಲೇಪವನ್ನು ಅವಸರದಲ್ಲಿ ಸಿಂಪಡಿಸಿದರೆ ಕೆಡುಕೂ ಆಗಬಹುದು. ಬಾಗಿಲುಗಳ ಕೆಳಗೂ ಅಂಚುಗಳಲ್ಲೂ ನೀರು ಬಸಿದುಹೋಗಲು ಸಣ್ಣ ರಂಧ್ರಗಳಿರುತ್ತವೆ. ಅವು ಮುಚ್ಚಿಹೋದರೆ ನೀರು ಒಳಗೇ ನಿಂತು, ತಡೆಯಬೇಕಾದ ತುಕ್ಕನ್ನು ತಾನೇ ಕರೆದಂತಾಗುತ್ತದೆ.

ಕರಾವಳಿಯವರ ಮಾತು ಬೇರೆ. ಕಾರವಾರ, ಉಡುಪಿ, ಮಂಗಳೂರುಗಳ ಉಪ್ಪುಗಾಳಿಯಲ್ಲಿ, ಮೂರು ನಾಲ್ಕು ತಿಂಗಳ ಮಳೆಯಲ್ಲಿ ಓಡಾಡುವ ಕಾರಿಗೆ, ಅದನ್ನು ಹತ್ತು ಹನ್ನೆರಡು ವರ್ಷ ಇಟ್ಟುಕೊಳ್ಳುವ ಮನಸ್ಸಿದ್ದರೆ, ಎಚ್ಚರದಿಂದ ಮಾಡಿದ ಲೇಪ ಉಪಯುಕ್ತವಾದೀತು. ಅಲ್ಲಿಯೂ ಮೊದಲು ಕೇಳಬೇಕಾದದ್ದು, ತಯಾರಕರು ತುಕ್ಕಿನ ಬಗ್ಗೆ ತಾವೇ ಕೊಟ್ಟಿರುವ ವಾರಂಟಿ ಎಷ್ಟು ವರ್ಷದ್ದು, ಹೊರಗಿನ ಲೇಪದಿಂದ ಅದಕ್ಕೆ ಬಾಧೆಯಿಲ್ಲವೆ ಎಂಬುದನ್ನು. ಮಳೆಗಾಲದುದ್ದಕ್ಕೂ ಆಗಾಗ ಸಿಹಿನೀರಿನಿಂದ ಕಾರಿನ ತಳವನ್ನು ತೊಳೆಸುವುದು ಲೇಪವಿದ್ದರೂ ಇಲ್ಲದಿದ್ದರೂ ಬಿಡಬಾರದ ಅಭ್ಯಾಸ.

ಎರಡನೆಯದು ಬಣ್ಣದ ರಕ್ಷೆ. ಕಾರಿನ ಬಣ್ಣದ ಎಲ್ಲ ಪದರಗಳೂ ಸೇರಿದರೆ ದಪ್ಪ ಸಾಮಾನ್ಯವಾಗಿ 100ರಿಂದ 120 ಮೈಕ್ರಾನ್ ಆಸುಪಾಸಿನಲ್ಲಿರುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಸೆರಾಮಿಕ್ ಲೇಪವೆಂಬುದು ಇದರ ಮೇಲೆ ಕೂರುವ, ಹೆಚ್ಚೆಂದರೆ ಕೆಲವೇ ಮೈಕ್ರಾನ್ ದಪ್ಪದ ಪದರ. ಅದು ನೀರನ್ನು ಹನಿಹನಿಯಾಗಿ ಜಾರಿಸುತ್ತದೆ, ಹೊಳಪು ಕೊಡುತ್ತದೆ, ತೊಳೆಯುವುದನ್ನು ಸುಲಭ ಮಾಡುತ್ತದೆ. ಆದರೆ ಲಾರಿಯ ಗಾಲಿಯಿಂದ ಸಿಡಿದ ಕಲ್ಲನ್ನೂ, ಸಂತೆಬೀದಿಯಲ್ಲಿ ಒರಸಿಹೋದ ಸೈಕಲ್ಲಿನ ಹ್ಯಾಂಡಲ್ಲನ್ನೂ ತಡೆಯುವ ಶಕ್ತಿ ಅಷ್ಟು ತೆಳುವಾದ ಪದರಕ್ಕೆ ಎಲ್ಲಿಂದ ಬರಬೇಕು? ಕಲ್ಲೇಟನ್ನು ತಕ್ಕಮಟ್ಟಿಗೆ ತಡೆಯುವುದು 150ರಿಂದ 200 ಮೈಕ್ರಾನ್ ದಪ್ಪದ ಪಾರದರ್ಶಕ ಹಾಳೆ. ಅದರ ಬೆಲೆ ಬಹಳ ಹೆಚ್ಚು. ಟೆಫ್ಲಾನ್ ಹೆಸರಿನ ಲೇಪದ ಸಂಗತಿ ಇನ್ನೂ ಸ್ವಾರಸ್ಯವಾದದ್ದು. ಆ ವಸ್ತು ಕರಗುವುದೇ ಸುಮಾರು 327 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ; ಬಾಣಲೆಗೆ ಅದನ್ನು ಹತ್ತಿಸುವುದು ಅದಕ್ಕೂ ಮೀರಿದ ಕಾವಿನಲ್ಲಿ. ಅಷ್ಟು ಕಾವಿಗೆ ಕಾರಿನ ಬಣ್ಣ ಉಳಿಯಲಾರದು. ಬಟ್ಟೆಯಿಂದ ಉಜ್ಜಿ ಹಚ್ಚಿದ ಪಾಲಿಷು ಬಾಣಲೆಯ ಗುಣವನ್ನು ಕಾರಿಗೆ ತರುವುದೆಂದು ನಂಬಲು ಕಾರಣವಿಲ್ಲ.

ಹೊಳಪು ಬೇಕೆಂಬ ಆಸೆ ತಪ್ಪಲ್ಲ. ಅದು ಅಲಂಕಾರದ ವೆಚ್ಚ; ಅಲಂಕಾರದ ಲೆಕ್ಕದಲ್ಲೇ ಬರೆದುಕೊಳ್ಳಬೇಕು. ಅಲಂಕಾರವನ್ನು ಕಾರು ಬಂದ ತಿಂಗಳ ಮೇಲೆ, ಮೂರು ಕಡೆ ಬೆಲೆ ವಿಚಾರಿಸಿ ಮಾಡಿಸಬಹುದು. ಆಸನಗಳ ಕಲೆತಡೆಗೂ ಇದೇ ಮಾತು ಸಲ್ಲುತ್ತದೆ. ಲೇಪಕ್ಕೆ ಐದು ವರ್ಷದ ಗ್ಯಾರಂಟಿ ಇದೆಯೆಂದರೆ ಆ ಕಾಗದವನ್ನು ಓದಿರಿ. ಗೀರು, ಕಲ್ಲೇಟುಗಳನ್ನು ಹೊರಗಿಟ್ಟು, ವರ್ಷವರ್ಷವೂ ಅಲ್ಲಿಯೇ ತಪಾಸಣೆ ಮಾಡಿಸಬೇಕೆಂಬ ಷರತ್ತು ಹಾಕಿದ್ದರೆ ಉಳಿದ ಭರವಸೆ ಎಷ್ಟೆಂಬುದು ತಾನೇ ತಿಳಿಯುತ್ತದೆ.

ಮೂರನೆಯದು ವಿಸ್ತರಿತ ವಾರಂಟಿ. ಇದನ್ನು ಲೇಪಗಳ ಸಾಲಿಗೆ ಸೇರಿಸಿ ತಳ್ಳಿಹಾಕಲಾಗದು. ಇಂದಿನ ಕಾರಿನಲ್ಲಿ ಯಂತ್ರದಷ್ಟೇ ವಿದ್ಯುನ್ಮಾನವೂ ಇದೆ. ಸ್ವಯಂಚಾಲಿತ ಗೇರುಪೆಟ್ಟಿಗೆಯಾಗಲಿ, ಎಂಜಿನನ್ನು ಆಳುವ ಗಣಕಪೆಟ್ಟಿಗೆಯಾಗಲಿ ಕೆಟ್ಟರೆ ಒಂದೇ ಸಲಕ್ಕೆ ದೊಡ್ಡ ಮೊತ್ತ ಬೇಕಾದೀತು. ಇಲ್ಲಿ ನೋಡಬೇಕಾದ ಅಂಶಗಳು ನಾಲ್ಕು. ಒಂದು, ಈ ವಾರಂಟಿ ಕಾರು ತಯಾರಿಸಿದವರದೋ, ಮೂರನೆಯ ಕಂಪನಿಯದೋ. ತಯಾರಕರದಾದರೆ ಬೇರೆ ಊರಿನ ಸರ್ವಿಸ್ ಕೇಂದ್ರದಲ್ಲೂ ನಡೆಯುವ ಸಂಭವ ಹೆಚ್ಚು. ಎರಡು, ಅದು ಯಾವಾಗ ಆರಂಭವಾಗುತ್ತದೆ. ಮೊದಲ ಮೂರು ವರ್ಷ ತಯಾರಕರ ಸ್ವಂತ ವಾರಂಟಿ ಇದ್ದರೆ ನಾವು ಇಂದು ಕೊಡುವ ಹಣ ನಾಲ್ಕನೆಯ ವರ್ಷದ ಭಯಕ್ಕಾಗಿ. ಅಷ್ಟರಲ್ಲಿ ಕಾರನ್ನು ಮಾರುವವರಿಗೆ ಅದರಿಂದ ಹೆಚ್ಚಿನ ಫಲವಿಲ್ಲ. ಮೂರು, ಕಿಲೋಮೀಟರುಗಳ ಮಿತಿ. ವರ್ಷಕ್ಕೆ 30,000 ಕಿಲೋಮೀಟರ್ ಓಡಿಸುವವರಿಗೆ ವರ್ಷಕ್ಕಿಂತ ಮೊದಲೇ ಕಿಲೋಮೀಟರು ಮುಗಿದುಹೋಗುತ್ತದೆ. ನಾಲ್ಕು, ಹೊರಗಿಟ್ಟ ಭಾಗಗಳು. ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಬ್ಯಾಟರಿ, ಟೈರು, ವೈಪರ್ ಮುಂತಾದ ಸವೆಯುವ ವಸ್ತುಗಳು ಸಾಮಾನ್ಯವಾಗಿ ಇದರಲ್ಲಿ ಸೇರುವುದಿಲ್ಲ. ಆದರೆ ಮಧ್ಯಮ ವಯಸ್ಸಿನ ಕಾರು ಕೇಳುವ ಖರ್ಚುಗಳಲ್ಲಿ ಅನೇಕವು ಇವೇ. ಹಲವು ತಯಾರಕರು ಮೂಲ ವಾರಂಟಿ ಮುಗಿಯುವವರೆಗೂ ಈ ವಿಸ್ತರಣೆಯನ್ನು ಕೊಳ್ಳಲು ಅವಕಾಶ ಕೊಡುತ್ತಾರೆ. ತಡವಾದಂತೆ ಬೆಲೆ ಏರಬಹುದು. ನಿಮ್ಮ ಕಾರಿಗೆ ಆ ಗಡುವು ಎಂದಿನವರೆಗೆ, ಬೆಲೆ ಹೇಗೆ ಏರುತ್ತದೆ ಎಂದು ಬರಹದಲ್ಲಿ ಕೇಳಿ ಪಡೆದರೆ ಮೊದಲ ದಿನದ ಅವಸರ ತಪ್ಪುತ್ತದೆ.

ನಾಲ್ಕನೆಯದಾಗಿ ವಿಮೆಯ ಆಡ್-ಆನ್‌ಗಳು. ಹೆಚ್ಚು ಗೊಂದಲವಿರುವುದೂ, ನಿಜವಾದ ರಕ್ಷೆ ಇರುವುದೂ ಇಲ್ಲಿಯೇ. ಸಾಮಾನ್ಯ ವಿಮೆಯಲ್ಲಿ ಅಪಘಾತದ ದುರಸ್ತಿಗೆ ಕಂಪನಿ ಪೂರ್ತಿ ಹಣ ಕೊಡುವುದಿಲ್ಲ. ಬದಲಾಯಿಸಿದ ಭಾಗಗಳ ಬೆಲೆಯಲ್ಲಿ ಸವಕಳಿಯನ್ನು ಕಳೆಯುತ್ತದೆ. ರೂಢಿಯಲ್ಲಿರುವ ಪಟ್ಟಿಯಂತೆ ರಬ್ಬರು, ಪ್ಲಾಸ್ಟಿಕ್, ಟೈರು, ಬ್ಯಾಟರಿಗಳಿಗೆ ಕಾರು ಹೊಸದಾದರೂ ನೂರಕ್ಕೆ 50 ಸವಕಳಿ. ಲೋಹದ ಭಾಗಗಳಿಗೆ ಮೊದಲ ಆರು ತಿಂಗಳು ಸವಕಳಿಯಿಲ್ಲ. ಒಂದರಿಂದ ಎರಡು ವರ್ಷದ ಕಾರಿಗೆ ನೂರಕ್ಕೆ 10. ನಾಲ್ಕರಿಂದ ಐದು ವರ್ಷದ ಕಾರಿಗೆ 35. ಗಾಜಿಗೆ ಸವಕಳಿ ಇಲ್ಲ. ಬಣ್ಣದ ಸಾಮಗ್ರಿಗೆ 50.

ಒಂದು ಲೆಕ್ಕ ಮಾಡೋಣ. ಒಂದೂವರೆ ವರ್ಷದ ಕಾರು ಡಿಕ್ಕಿ ಹೊಡೆದು 60,000 ರೂಪಾಯಿಯ ಬಿಲ್ಲಾಯಿತೆಂದು ಇಟ್ಟುಕೊಳ್ಳಿ. ಅದರಲ್ಲಿ ಬಂಪರ್ ಮುಂತಾದ ಪ್ಲಾಸ್ಟಿಕ್ ಭಾಗಗಳಿಗೆ 24,000, ಲೋಹದ ಭಾಗಗಳಿಗೆ 16,000, ಬಣ್ಣದ ಕೆಲಸಕ್ಕೆ 12,000, ಕೂಲಿ 8,000. ಪ್ಲಾಸ್ಟಿಕ್ಕಿನಲ್ಲಿ ನಮ್ಮ ಪಾಲು 12,000, ಲೋಹದಲ್ಲಿ 1,600, ಬಣ್ಣದ ಬಿಲ್ಲಿನ ಕಾಲುಭಾಗವನ್ನು ಸಾಮಗ್ರಿಯೆಂದು ಎಣಿಸಿ ಅದರ ಅರ್ಧ 1,500, ಇದಲ್ಲದೆ ನಾವೇ ಕೊಡಬೇಕಾದ ಕಡ್ಡಾಯ ಕಡಿತ 1,000 ಎಂದುಕೊಂಡರೆ ಒಟ್ಟು 16,100 ರೂಪಾಯಿ ನಮ್ಮ ಕೈಯಿಂದ ಹೋಗುತ್ತದೆ. ಜೀರೋ ಡೆಪ್ರಿಸಿಯೇಷನ್ ಎಂಬ ಆಡ್-ಆನ್ ಇದ್ದರೆ ಈ ಸವಕಳಿಯ 15,100 ಉಳಿಯುತ್ತದೆ. ಅದರ ಕಂತು ವರ್ಷಕ್ಕೆ 4,000 ಎಂದಾದರೆ, ಹೆಚ್ಚುಕಡಿಮೆ ನಾಲ್ಕು ವರ್ಷಕ್ಕೊಂದು ಇಂಥ ಅಪಘಾತವಾಗುವವರಿಗೆ ಜಮಾ ಖರ್ಚು ಸಮವಾಗುತ್ತದೆ. ಬೆಂಗಳೂರಿನ ದಟ್ಟಣೆಯಲ್ಲಿ ದಿನವೂ ಓಡಿಸುವವರು, ಹೊಸದಾಗಿ ಕಲಿತವರು ಮೊದಲ ಎರಡು ಮೂರು ವರ್ಷ ಇದನ್ನು ಇಟ್ಟುಕೊಳ್ಳುವುದು ನ್ಯಾಯವಾಗಿದೆ. ವಾರಕ್ಕೊಮ್ಮೆ ದೇವಸ್ಥಾನಕ್ಕೆ ಹೋಗಿಬರುವ ನಿವೃತ್ತರಿಗೆ ಅಷ್ಟು ಅಗತ್ಯವಿಲ್ಲ. ಸಣ್ಣ ಗೀರಿಗೆಲ್ಲ ಪರಿಹಾರ ಕೇಳಿದರೆ ನೋ ಕ್ಲೈಮ್ ಬೋನಸ್ ಹೋಗುತ್ತದೆಂಬುದನ್ನೂ ಮರೆಯಬಾರದು. ಪರಿಹಾರ ಕೇಳದ ಮೊದಲ ವರ್ಷಕ್ಕೆ ನೂರಕ್ಕೆ 20ರಿಂದ ಆರಂಭವಾಗಿ ಐದು ವರ್ಷಕ್ಕೆ 50ರವರೆಗೆ ಏರುವ ಆ ರಿಯಾಯಿತಿಯೂ ಒಂದು ಆಸ್ತಿಯೇ.

ಎಂಜಿನ್ ರಕ್ಷೆಯೆಂಬುದು ಇನ್ನೊಂದು. ನೆರೆಯಿಂದಾದ ಹಾನಿಗೆ ಸಾಮಾನ್ಯ ವಿಮೆಯೇ ಹೊಣೆ. ಆದರೆ ನೀರಿನಲ್ಲಿ ನಿಂತ ಕಾರನ್ನು ಚಾಲೂ ಮಾಡಹೋಗಿ ಎಂಜಿನ್ನಿನೊಳಕ್ಕೆ ನೀರು ಹೊಕ್ಕು ಅದು ಮುರಿದರೆ, ಅದನ್ನು ನೆರೆಯ ನೇರ ಹಾನಿಯಲ್ಲವೆಂದು ಕಂಪನಿಗಳು ತಳ್ಳಿಹಾಕುವುದುಂಟು. ಆಗ ಈ ಆಡ್-ಆನ್ ಒದಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರುಗಳ ಸುತ್ತ ಕಾರುಗಳು ನೀರಿನಲ್ಲಿ ಮುಳುಗಿದ್ದನ್ನು ಕಂಡವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ. ತಗ್ಗಿನಲ್ಲಿ ಮನೆಯಿರುವವರು, ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವವರು ಇದನ್ನು ಕೊಳ್ಳಲಿ. ಎತ್ತರದ ಊರಿನವರಿಗೆ ಒಂದು ಉಚಿತವಾದ ರಕ್ಷೆಯಿದೆ: ನೀರಿನಲ್ಲಿ ನಿಂತುಹೋದ ಕಾರಿನ ಬೀಗದ ಕೈಯನ್ನು ತಿರುಗಿಸದಿರುವುದು.

ಇನ್ನು ರಿಟರ್ನ್ ಟು ಇನ್‌ವಾಯ್ಸ್. ಬ್ರಿಟನ್ನಿನ ಗ್ಯಾಪ್ ವಿಮೆಗೆ ಇದು ಹತ್ತಿರದ ಬಂಧು. ಕಾರು ಕಳುವಾದರೆ ಅಥವಾ ದುರಸ್ತಿಗೆ ಮೀರಿ ನಾಶವಾದರೆ ಸಾಮಾನ್ಯ ವಿಮೆ ಕೊಡುವುದು ಸವಕಳಿ ಕಳೆದ ಘೋಷಿತ ಮೌಲ್ಯವನ್ನು. 10 ಲಕ್ಷ ಬೆಲೆಯ ಕಾರು ತೆರಿಗೆ, ವಿಮೆ ಸೇರಿ 12 ಲಕ್ಷಕ್ಕೆ ಮನೆಗೆ ಬಂದಿತೆನ್ನಿ. ಒಂದು ವರ್ಷ ದಾಟಿ ಎರಡು ವರ್ಷದೊಳಗಿನ ಕಾರಿಗೆ ನೂರಕ್ಕೆ 20ರ ಸವಕಳಿ; ಕೈಗೆ ಬರುವುದು 8 ಲಕ್ಷ. ಕೊಂಡವರು 11 ಲಕ್ಷವನ್ನು ನೂರಕ್ಕೆ 9ರ ಬಡ್ಡಿಯಲ್ಲಿ ಏಳು ವರ್ಷಕ್ಕೆ ಸಾಲ ಮಾಡಿದ್ದರೆ, ಒಂದೂವರೆ ವರ್ಷದ ಮೇಲೂ ಸುಮಾರು 9 ಲಕ್ಷ 18 ಸಾವಿರ ಬಾಕಿಯಿರುತ್ತದೆ. ಕಾರೂ ಇಲ್ಲ, ವಿಮೆಯ ಹಣವನ್ನೆಲ್ಲ ಬ್ಯಾಂಕಿಗೆ ಕಟ್ಟಿದ ಮೇಲೂ 1 ಲಕ್ಷ 18 ಸಾವಿರದ ಸಾಲ ಉಳಿಯಿತು. ಸಂಸಾರವನ್ನು ಕುಸಿಯಿಸುವ ನಷ್ಟವೆಂದು ಆಗ ಹೇಳಿದ್ದು ಇದನ್ನೇ. ಹೆಚ್ಚು ಸಾಲದಿಂದ ಕೊಂಡವರಿಗೆ ಮೊದಲ ಎರಡು ಮೂರು ವರ್ಷ ಈ ಆಡ್-ಆನ್, ಹಿತವಾದ ಬೆಲೆಗೆ ಸಿಕ್ಕಿದರೆ, ನಿಜವಾದ ರಕ್ಷೆ. ಅರ್ಧಕ್ಕಿಂತ ಹೆಚ್ಚು ಹಣವನ್ನು ಕೈಯಿಂದ ಕೊಟ್ಟವರಿಗೆ ಅಷ್ಟು ಬೇಕಾಗಿಲ್ಲ. ಕಳೆದ ಬೀಗದ ಕೈ, ಕಾರಿನಲ್ಲಿಟ್ಟ ಸಾಮಾನು, ನಟ್ಟು ಬೋಲ್ಟು ಎಣ್ಣೆಗಳಿಗೆಂದು ಮಾರುವ ಸಣ್ಣ ಆಡ್-ಆನ್‌ಗಳನ್ನು ಭರಿಸಬಲ್ಲ ನಷ್ಟಗಳ ಸಾಲಿಗೆ ಸೇರಿಸಬಹುದು.

ಒಂದೇ ರಕ್ಷೆ ಒಬ್ಬರಿಗೆ ಅಗತ್ಯ, ಇನ್ನೊಬ್ಬರಿಗೆ ವ್ಯರ್ಥ ಎಂಬುದು ಇಷ್ಟರಿಂದ ಸ್ಪಷ್ಟವಾಯಿತಷ್ಟೆ. ಎಲ್ಲರಿಗೂ ಒಂದೇ ಕಟ್ಟನ್ನು ಕಟ್ಟಿ ಮಾರುವ ಪದ್ಧತಿಯಲ್ಲಿ ದೋಷವಿರುವುದು ಇಲ್ಲಿಯೇ. ಕಟ್ಟಿನೊಳಗೆ ಬೇಕಾದದ್ದೂ ಬೇಡವಾದದ್ದೂ ಕೂಡಿಹೋಗಿರುತ್ತವೆ. ಆ ಕಟ್ಟಿನ ಬೆಲೆ ಸಾಲಕ್ಕೆ ಸೇರಿದರಂತೂ ಕಣ್ಣಿಗೇ ಬೀಳುವುದಿಲ್ಲ. 40,000 ರೂಪಾಯಿಯನ್ನು ಅದೇ ಬಡ್ಡಿಯ ಏಳು ವರ್ಷದ ಸಾಲಕ್ಕೆ ಸೇರಿಸಿದರೆ ತಿಂಗಳಿಗೆ 644 ರೂಪಾಯಿ ಮಾತ್ರವೆಂದು ಕೇಳಲು ಹಗುರ. ಕೊನೆಯಲ್ಲಿ ಕಟ್ಟಿದ್ದು 54,000 ದಾಟಿರುತ್ತದೆ. ವರ್ಷಕ್ಕೋ ಎರಡು ವರ್ಷಕ್ಕೋ ಮಾಸಿಹೋಗುವ ಹೊಳಪಿಗೆ ಏಳು ವರ್ಷ ಬಡ್ಡಿ ಕಟ್ಟುವುದು ಯಾವ ಜಾಣತನ?

ಬೇಡವೆನ್ನುವ ಹಕ್ಕು ಗ್ರಾಹಕನಿಗಿದೆ. ಒಂದು ವಸ್ತುವನ್ನು ಕೊಳ್ಳಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕೆಂದು ವಿಧಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ನಿರ್ಬಂಧಕ ವ್ಯಾಪಾರ ಪದ್ಧತಿಯೆಂದು ಹೆಸರಿಸುತ್ತದೆ. ಕಾರು ವ್ಯಾಪಾರಿಗಳು ವಿಮೆ ಮಾರುವುದಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರದ ಮಾರ್ಗಸೂಚಿಗಳು 2017ರ ನವೆಂಬರ್ 1ರಿಂದ ಜಾರಿಯಲ್ಲಿವೆ; ಅವರಲ್ಲಿಯೇ ವಿಮೆ ಮಾಡಿಸಬೇಕೆಂಬ ಬಲವಂತಕ್ಕೆ ಅವುಗಳಲ್ಲಿ ಎಡೆಯಿಲ್ಲ. ತೊಂದರೆಯಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ದೂರು ಕೊಡಬಹುದು. ದೂರಿನವರೆಗೆ ಹೋಗುವ ಮೊದಲು ಮಾಡಬೇಕಾದ ಸುಲಭದ ಕೆಲಸವೆಂದರೆ ಪ್ರತಿಯೊಂದು ಸಾಲಿನ ಬೆಲೆಯನ್ನೂ ಬಿಡಿಬಿಡಿಯಾಗಿ ಬರೆಸಿಕೊಳ್ಳುವುದು, ಅದೇ ವಿಮೆಗೆ ಬೇರೆ ಎರಡು ಕಂಪನಿಗಳ ದರವನ್ನು ಕೇಳುವುದು.

ಬ್ರಿಟನ್ನಿನಲ್ಲಿ 2015ರ ಸೆಪ್ಟೆಂಬರಿನಿಂದ ಇನ್ನೊಂದು ನಿಯಮವಿದೆ. ಗ್ಯಾಪ್ ವಿಮೆಯ ವಿವರಗಳನ್ನು ಕೊಟ್ಟ ದಿನವೇ ವ್ಯಾಪಾರಿ ಅದನ್ನು ಮಾರಿ ಮುಗಿಸುವಂತಿಲ್ಲ. ನಡುವೆ ಎರಡು ದಿನ ಕಳೆಯಬೇಕು. ಹೊಸ ಕಾರಿನ ಸಂಭ್ರಮದಲ್ಲಿರುವ ಮನಸ್ಸಿಗೆ ತಣ್ಣಗಾಗಲು ಅಷ್ಟು ಕಾಲ ಬೇಕೆಂದು ಕಾನೂನೇ ಒಪ್ಪಿದ ಹಾಗಾಯಿತು. ನಮ್ಮಲ್ಲಿ ಅಂಥ ನಿಯಮವಿಲ್ಲದಿದ್ದರೆ ಏನು? ಅದನ್ನು ನಮಗೆ ನಾವೇ ಹಾಕಿಕೊಳ್ಳಬಹುದು. ಕಾರನ್ನು ಇಂದು ಕಾದಿರಿಸಿರಿ. ರಕ್ಷೆಗಳ ಪಟ್ಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಮನೆಗೆ ಬನ್ನಿರಿ. ಸಾಲವೆಷ್ಟು, ಕಾರು ನಿಲ್ಲುವ ಜಾಗ ಯಾವುದು, ಓಡಿಸುವವರು ಯಾರು, ಎಷ್ಟು ವರ್ಷ ಇಟ್ಟುಕೊಳ್ಳುವ ಯೋಚನೆ ಎಂಬ ನಾಲ್ಕು ಸಂಗತಿಗಳನ್ನು ಮನೆಯವರೊಡನೆ ಕುಳಿತು ಆ ಪಟ್ಟಿಯ ಪಕ್ಕದಲ್ಲಿ ಬರೆಯಿರಿ. ಹೆಚ್ಚಿನ ಸಾಲುಗಳನ್ನು ನೀವೇ ಹೊಡೆದುಹಾಕುವಿರಿ. ಒಂದೋ ಎರಡೋ ಉಳಿಯುತ್ತವೆ. ಉಳಿದವುಗಳಿಗೆ ಹಣ ಕೊಡಲು ಹಿಂಜರಿಯಬೇಡಿರಿ.